ಮಂಗ ಸಾಯುವ ಮೊದಲು



ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳು ಮತ್ತು ಅವುಗಳ ಲಕ್ಷಣಗಳು ಎಂಬುದು ಈ ಸಂಕಿರಣದ ವಿಷಯ. ರೇಬಿಸ್, ಇಲಿಜ್ವರ, ಬ್ರುಸೆಲ್ಲೋಸಿಸ್, ನಿಪಾ ಇವುಗಳ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಆ ಕೆಲಸವನ್ನು ಅವರಿಗೆ ಬಿಟ್ಟು, ನಮ್ಮ ಮಲೆನಾಡಿನ ಒಂದೇ ಒಂದು ಕಾಯಿಲೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಅದಕ್ಕೆ ನಾವಿಟ್ಟ ಹೆಸರೇ ನಮ್ಮ ಕಣ್ಣನ್ನು ತಪ್ಪು ಕಡೆಗೆ ತಿರುಗಿಸಿತು ಎಂದು ನಾನು ಬಹುಕಾಲದಿಂದ ನಂಬಿದ್ದೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಕಾಡಿನಲ್ಲಿ ಕೋತಿಗಳ ಸಾವು, ಊರಿನಲ್ಲಿ ಜ್ವರ ಎಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರದ ನೆನಪು. ಅದು ಭಾರತಕ್ಕೂ ಕಾಲಿಟ್ಟಿತೇ ಎಂಬ ದಿಗಿಲಿನಲ್ಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಾಟ ಶುರುಮಾಡಿದರು. ಸಿಕ್ಕಿದ್ದು ರಷ್ಯಾದ ವಸಂತ-ಬೇಸಿಗೆ ಮಿದುಳು ಜ್ವರದ ವೈರಾಣುವಿಗೆ ನಂಟಿರುವ ಒಂದು ಹೊಸ ವೈರಾಣು. ಅದನ್ನು ಸಾಗಿಸುವುದು ಉಣುಗು ಎಂಬುದೂ ಬೇಗನೆ ಖಚಿತವಾಯಿತು. ಅಂದರೆ ಮಂಗವೂ ನಮ್ಮಂತೆಯೇ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಆದರೂ ‘ಮಂಗನ ಕಾಯಿಲೆ’ ಎಂಬ ಹೆಸರು ಉಳಿಯಿತು, ಹೆಸರಿನ ಹಿಂದೆಯೇ ಒಂದು ಪದ್ಧತಿಯೂ ಬೆಳೆಯಿತು. ಮಂಗ ಸಾಯಬೇಕು, ಸುದ್ದಿ ಬರಬೇಕು, ಆಮೇಲೆ ನಾವು ಹೊರಡಬೇಕು.

ಮಂಗ ಸತ್ತ ಜಾಗದಲ್ಲಿ ಏನಾಗುತ್ತದೆ ನೋಡಿ. ಮೈ ತಣ್ಣಗಾದಂತೆ ರಕ್ತ ಕುಡಿದ ಉಣುಗುಗಳು ಹೆಣದಿಂದ ಇಳಿಯುತ್ತವೆ. ಅವುಗಳಲ್ಲಿ ಮರಿಹಂತದವು ಪೊರೆ ಕಳಚಿ ಎಳ್ಳಿಗಿಂತ ದೊಡ್ಡದಿಲ್ಲದ ಎರಡನೆಯ ಹಂತಕ್ಕೆ ಬಂದು, ತರಗೆಲೆಯ ಮೇಲೆ, ಮೊಣಕಾಲೆತ್ತರದ ಗಿಡಗಳಲ್ಲಿ ಮುಂದಿನ ಬಿಸಿರಕ್ತಕ್ಕಾಗಿ ಕಾದು ಕೂರುತ್ತವೆ. ಡಿಸೆಂಬರಿನಿಂದ ಮೇವರೆಗೆ ಇವುಗಳ ಕಾಲ. ಸೊಪ್ಪಿನ ಬೆಟ್ಟದಲ್ಲಿ ಕೊಟ್ಟಿಗೆಗೆಂದು ದರಗು ಗುಡಿಸುವುದೂ, ಸೌದೆ ಹೊರುವುದೂ ಇದೇ ತಿಂಗಳುಗಳಲ್ಲಿ. ಕಚ್ಚಿದ್ದು ದರಗು ಗುಡಿಸುವ ಹೆಂಗಸಿಗೆ ಗೊತ್ತೇ ಆಗುವುದಿಲ್ಲ. ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡದಲ್ಲಿ ಹಿಂಡುವ ನೋವು, ಕೆಂಪೇರಿದ ಕಣ್ಣು, ಏಳಲಾಗದ ನಿತ್ರಾಣ. ಬಾಯಿ ತೆರೆಸಿ ನೋಡಿದರೆ ಅಂಗುಳಲ್ಲಿ ಸಣ್ಣ ಗುಳ್ಳೆಗಳಿರಬಹುದು. ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿದಿರುತ್ತವೆ. ಕೆಲವರಿಗೆ ಮೂಗು, ವಸಡು, ಕರುಳಿನಿಂದ ರಕ್ತ ಹೋಗುತ್ತದೆ. ಇನ್ನು ಕೆಲವರಲ್ಲಿ ಜ್ವರ ಬಿಟ್ಟು, ವಾಸಿಯಾಯಿತೆಂದು ಮನೆಯವರು ಸಮಾಧಾನಪಡುವ ಹೊತ್ತಿಗೆ, ಒಂದೆರಡು ವಾರದ ನಂತರ ಮತ್ತೆ ಬರುತ್ತದೆ. ಆಗ ಕುತ್ತಿಗೆ ಬಿಗಿತ, ಕೈನಡುಕ, ಮಂಕು ಕವಿದ ಬುದ್ಧಿ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಮಂದಿಯನ್ನು ನಾವು ಕಳೆದುಕೊಳ್ಳುತ್ತೇವೆ.

ಇಷ್ಟು ನಮಗೆ ಗೊತ್ತು. ಆದರೆ ಒಂದೂ ಮಂಗ ಸಾಯದ, ಒಬ್ಬರಿಗೂ ಜ್ವರ ಬಾರದ ವರ್ಷಗಳಲ್ಲಿ ಈ ವೈರಾಣು ಎಲ್ಲಿರುತ್ತದೆ? ಸತ್ತ ಮಂಗ ಮುಂದಿನ ಮಳೆಗಾಲದವರೆಗೆ ಅದನ್ನು ಕಾಪಿಡಲಾರದು, ಬದುಕುಳಿದ ಮಂಗಕ್ಕೆ ರೋಗನಿರೋಧಕ ಶಕ್ತಿ ಬಂದಿರುತ್ತದೆ. ದನಗಳು ದೊಡ್ಡ ಉಣುಗುಗಳಿಗೆ ಹೊಟ್ಟೆ ತುಂಬ ಉಣಿಸಿ ಅವುಗಳ ಸಂತತಿ ಹೆಚ್ಚಿಸುತ್ತವೆ, ಆದರೆ ದನದ ರಕ್ತದಲ್ಲಿ ವೈರಾಣು ಇನ್ನೊಂದು ಉಣುಗಿಗೆ ಹತ್ತುವಷ್ಟು ಬೆಳೆಯುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಉಣುಗಿನ ಒಂದು ಹಂತದಿಂದ ಮುಂದಿನ ಹಂತಕ್ಕೆ ವೈರಾಣು ದಾಟುತ್ತದೆ, ಆದರೆ ಮುಖ್ಯ ವಾಹಕವಾದ ಉಣುಗಿನಲ್ಲಿ ತಾಯಿಯಿಂದ ಮೊಟ್ಟೆಗೆ ದಾಟುತ್ತದೆಂಬುದು ಸ್ಥಿರಪಟ್ಟಿಲ್ಲ. ಉಳಿಯುವುದು ಕಾಡಿಲಿ, ಸೊಂಡಿಲಿ, ಮುಳ್ಳುಹಂದಿಯಂಥ ನೆಲದ ಜೀವಿಗಳು, ಅವುಗಳ ಬಿಲದೊಳಗಿನ ಬೇರೆ ಜಾತಿಯ ಉಣುಗುಗಳು. ಮೊದಲ ದಶಕದ ಸಂಶೋಧಕರು ಈ ಜಾಡು ಹಿಡಿದಿದ್ದರು. ವಲಸೆ ಹಕ್ಕಿಗಳು ಇದನ್ನು ಉತ್ತರದಿಂದ ತಂದವೇ ಎಂದು ತಿಳಿಯಲು ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದ್ದೂ ಉಂಟು. ಆ ಊಹೆ ಸಾಬೀತಾಗಲಿಲ್ಲ. ವೈರಾಣು ಇಲ್ಲಿಯೇ ಇತ್ತು, ಕಾಡು ಕಡಿದು ದನ ನುಗ್ಗಿಸಿ ನಾವು ಅದನ್ನು ಕೆದಕಿದೆವು ಎಂದು 1969ರಲ್ಲಿ ಸಂಶೋಧಕ ಹೋರ್ಹೆ ಬೋಶೆಲ್ ವಾದಿಸಿದರು. ಕ್ಯಾಸನೂರಿಗೂ ಮೊದಲೇ, 1952ರಲ್ಲಿ ಕಛ್ ಮತ್ತು ಸೌರಾಷ್ಟ್ರದಲ್ಲಿ ಸಂಗ್ರಹಿಸಿದ ಜನರ ರಕ್ತದಲ್ಲಿ ಇದೇ ಗುಂಪಿನ ವೈರಾಣುವಿಗೆ ಎದುರಾದ ಗುರುತು ಸಿಕ್ಕಿತ್ತು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಇದರ ಹತ್ತಿರದ ಬಂಧುವೇ ಪತ್ತೆಯಾಯಿತು. ಇದು ಒಂದು ಊರಿನ, ಒಂದು ಕಾಡಿನ ವೈರಾಣುವಲ್ಲ.

ಆಮೇಲಿನ ದಶಕಗಳಲ್ಲಿ ಆ ಕ್ಷೇತ್ರಕಾರ್ಯ ಸೊರಗಿತು. ಕಾಯಿಲೆ ಮಾತ್ರ ಸುಮ್ಮನಿರಲಿಲ್ಲ. 1982ರಲ್ಲಿ ಬೆಳ್ತಂಗಡಿ, 2012ರಲ್ಲಿ ಬಂಡೀಪುರ, ಮರುವರ್ಷ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಸಿಂಧುದುರ್ಗ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ಇಲ್ಲಿರುವ ಯಾರೂ ಮರೆತಿಲ್ಲ. ವೈರಾಣು ಆ ಊರುಗಳಿಗೆ ಪಯಣಿಸಿತೇ, ಮೊದಲೇ ಅಲ್ಲಿ ಮಲಗಿತ್ತೇ? ಪಯಣಿಸಿದ್ದರೆ ಅದನ್ನು ಹೊತ್ತವರನ್ನು ಹಿಡಿಯಬೇಕು. ಮೊದಲೇ ಇದ್ದಿದ್ದರೆ ಇನ್ನೂ ಎಷ್ಟೋ ತಾಲ್ಲೂಕುಗಳು ಗೊತ್ತಿಲ್ಲದೆಯೇ ಅದರ ಮೇಲೆ ಕೂತಿವೆ.

ಜ್ವರದವರು ಹಾಸಿಗೆಯ ಮೇಲಿರುವಾಗ ಇಲಿಯ ಬಿಲ ಅಗೆಯುವುದೇ ಎಂದು ವೈದ್ಯ ಮಿತ್ರರು ಕೇಳುತ್ತಾರೆ. ಮೊದಲು ಲಸಿಕೆ ಕೊಡಿ ಎನ್ನುತ್ತಾರೆ. ಲಸಿಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಈ ವೈರಾಣುವನ್ನು ಕೊಲ್ಲುವ ಔಷಧವೇ ನಮ್ಮ ಬಳಿ ಇಲ್ಲ. ಆದರೆ ಹಳೆಯ ಲಸಿಕೆಯ ಅನುಭವವನ್ನೇ ನೋಡಿ. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಮೇಲೆ ಬೂಸ್ಟರ್. ಜನವರಿಯಲ್ಲಿ ಮಂಗ ಸತ್ತ ಮೇಲೆ ಶುರುಮಾಡಿದರೆ ರಕ್ಷಣೆ ಕೂಡುವ ಹೊತ್ತಿಗೆ ಅರ್ಧ ಋತು ಕಳೆದಿರುತ್ತದೆ. ಅದರ ಶಕ್ತಿಯೂ ಸಾಲದೆ 2022ರಲ್ಲಿ ಕೈಬಿಟ್ಟೆವು. ನಾಳೆ ಎಷ್ಟೇ ಒಳ್ಳೆಯ ಲಸಿಕೆ ಬಂದರೂ ಯಾವ ಊರಿಗೆ ಮೊದಲು ಎಂಬ ಪ್ರಶ್ನೆಗೆ ಮಂಗದ ಹೆಣ ಸಕಾಲಕ್ಕೆ ಉತ್ತರ ಕೊಡದು. ಕಾಡು ಕಡಿದದ್ದೇ ಕಾರಣವೆಂದಾದ ಮೇಲೆ ಇನ್ನೇನು ಹುಡುಕಬೇಕು ಎನ್ನುವವರೂ ಇದ್ದಾರೆ. ಬೋಶೆಲ್ ಹೇಳಿದ್ದರಲ್ಲಿ ನನಗೆ ಪೂರ್ಣ ನಂಬಿಕೆಯಿದೆ, ಆದರೆ ಮಲೆನಾಡಿನ ಉದ್ದಗಲಕ್ಕೂ ಕಾಡು ಕಡಿದಿದ್ದೇವೆ, ದನ ಬಿಟ್ಟಿದ್ದೇವೆ. ಕಾಯಿಲೆ ಕಾಣಿಸಿದ್ದು ಕೆಲವೆಡೆ ಮಾತ್ರ. ತೋಟ ಮತ್ತು ಕಾಡು ಬೆರೆತ ಜಾಗಗಳ ಅಪಾಯವನ್ನು ನಕ್ಷೆಯಲ್ಲಿ ಗುರುತಿಸಿದ ಸಂಶೋಧಕರ ಶ್ರಮಕ್ಕೆ ನಾವೆಲ್ಲ ಋಣಿಗಳು. ಆದರೂ ಮನುಷ್ಯರ ಜ್ವರದ ಲೆಕ್ಕದಿಂದ ಬರೆದ ನಕ್ಷೆ ಜನ ಎಲ್ಲಿ ಬಿದ್ದರು ಎಂಬುದನ್ನು ತೋರಿಸುತ್ತದೆ, ವೈರಾಣು ಎಲ್ಲಿ ಬದುಕಿದೆ ಎಂಬುದನ್ನು ತೋರಿಸಲಾರದು.

ಸತ್ತ ಮಂಗದ ವರದಿಯನ್ನು ನಿಲ್ಲಿಸಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಕಾಯಿಲೆ ಎಂದೂ ಕಾಣದ ತಾಲ್ಲೂಕಿನಲ್ಲೂ, ಮಂಗ ಸಾಯದ ವರ್ಷದಲ್ಲೂ, ಕಾಡಂಚಿನಲ್ಲಿ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯುವ, ಮಳೆಗಾಲದಲ್ಲೂ ಕಾಡಿಲಿ, ಸೊಂಡಿಲಿಗಳ ರಕ್ತ ಪರೀಕ್ಷಿಸುವ ಕೆಲಸ ಬಿಡದೆ ನಡೆಯಬೇಕು. ಪಶುವೈದ್ಯರು, ಅರಣ್ಯ ಸಿಬ್ಬಂದಿ, ಆರೋಗ್ಯ ಇಲಾಖೆ ಮೂವರೂ ಒಂದೇ ಕಡತದಲ್ಲಿ ಬರೆಯಬೇಕು. ಈ ಸಂಕಿರಣದ ಎರಡು ದಿನಗಳ ಕೊನೆಗೆ ನೀವು ಠರಾವು ಬರೆಯುವಾಗ ಈ ಒಂದು ಸಾಲನ್ನು ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ. ಡಿಸೆಂಬರ್ ಬಂದರೆ ಬೆಟ್ಟದಲ್ಲಿ ದರಗು ಗುಡಿಸುವ ಕೆಲಸ ಶುರುವಾಗುತ್ತದೆ.