ಬೆರಳಿಗೆ ಸಿಗದ ಪಾಠ

2019ರ ಆಗಸ್ಟ್‌ನಲ್ಲಿ ನಮ್ಮ ಎಂಬಿಬಿಎಸ್ ತರಗತಿಗಳಿಗೆ ಹೊಸ ಪಠ್ಯಕ್ರಮ ಬಂತು. ಓದಿದರಷ್ಟೇ ಸಾಲದು, ಮಾಡಿ ತೋರಿಸಬೇಕು ಎಂಬುದು ಅದರ ಜೀವಾಳ. ಆ ಮೊದಲ ತಂಡದ ಮಕ್ಕಳು ಶವಛೇದನದ ಮೇಜಿನ ಮುಂದೆ ನಿಂತು ಕೆಲವು ತಿಂಗಳಾಗಿತ್ತಷ್ಟೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಹಾಸ್ಟೆಲ್ ಖಾಲಿಯಾಯಿತು. ಅಂಗರಚನಾಶಾಸ್ತ್ರ ಅಂಗೈಯಗಲದ ಮೊಬೈಲಿನೊಳಗೆ ಬಂದು ಕೂತಿತು.

ಆ ದಿನಗಳ ಬಗ್ಗೆ ವಿದ್ಯಾರ್ಥಿಗಳ ಮಾತು ಕೇಳಬೇಕು. ಅವರು ಆನ್‌ಲೈನ್ ಪಾಠವನ್ನು ಬರಿದೇ ಹಳಿಯುವುದಿಲ್ಲ. ಅರ್ಥವಾಗದ ಭಾಗವನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಬಹುದಿತ್ತು. ತರಗತಿಯಲ್ಲಿ ಕೈಯೆತ್ತಲು ಅಂಜುತ್ತಿದ್ದವರು ಚಾಟ್‌ನಲ್ಲಿ ಪ್ರಶ್ನೆ ಬರೆದರು. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರ ಪಾಡು ಬೇರೆ.

ದಂತವೈದ್ಯ ವಿದ್ಯಾರ್ಥಿಗಳ ಸಂಕಟ ಇನ್ನೂ ದೊಡ್ಡದು. ಮೊದಲು ಮೇಣದ ತುಂಡಿನಲ್ಲಿ ಹಲ್ಲು ಕೆತ್ತಿ ಕೈ ಪಳಗಬೇಕು. ಆಮೇಲೆ ಬೊಂಬೆತಲೆಯ ಬಾಯಲ್ಲಿ ಡ್ರಿಲ್ ಹಿಡಿಯಬೇಕು. ಎಲ್ಲಿ ಒತ್ತಬೇಕು, ಎಲ್ಲಿ ಹಗುರಾಗಬೇಕು ಎಂಬುದು ಬೆರಳಿಗಷ್ಟೇ ತಿಳಿಯುವ ವಿದ್ಯೆ. ಮೇಷ್ಟ್ರು ಪಕ್ಕದಲ್ಲಿ ನಿಂತು ಮಣಿಕಟ್ಟು ತಿದ್ದಬೇಕು. ಆದರೆ ಆ ದಿನಗಳಲ್ಲಿ ರೋಗಿಯ ಬಾಯಲ್ಲಿ ಅದೇ ಡ್ರಿಲ್ ಚಿಮ್ಮಿಸುವ ತುಂತುರು ಸೋಂಕು ಹರಡೀತೆಂಬ ಭಯದಿಂದ ತುರ್ತು ಚಿಕಿತ್ಸೆಯ ಹೊರತು ಉಳಿದ ಕೆಲಸವೆಲ್ಲ ನಿಂತಿತು. ಕಲಿಯುವವರಿಗೆ ರೋಗಿಗಳೇ ಕಾಣದಾದರು.

ಇಷ್ಟಕ್ಕೇ ಈ ವಿದ್ಯಾರ್ಥಿಗಳನ್ನೆಲ್ಲ ‘ಕೊರೊನಾ ಬ್ಯಾಚ್’ ಎಂದು ಹಗುರವಾಗಿ ಕರೆಯುವುದು ಅನ್ಯಾಯ. ಹಿರಿಯ ವೈದ್ಯರಲ್ಲಿ ಒಂದು ಕೋರಿಕೆ: ನಿಮ್ಮ ವಾರ್ಡಿನಲ್ಲಿ ಅವರಲ್ಲೊಬ್ಬರು ತಡವರಿಸಿದರೆ ಗದರಬೇಡಿ. ಒಂದು ಗಳಿಗೆ ಹೆಚ್ಚು ನಿಂತು, ಕೈ ಹಿಡಿದು ತೋರಿಸಿಕೊಡಿ.