ಮತ್ತೆ ಹೊತ್ತಿದ ಒಲೆ

(ರಜತ ಮಹೋತ್ಸವ ಸಭೆಯಲ್ಲಿ ಸಂಘದ ಹಿರಿಯ ಸದಸ್ಯರೊಬ್ಬರು ಆಡಿದ ಮಾತು)



2018ರ ಆಗಸ್ಟ್ ತಿಂಗಳ ಮಳೆಯನ್ನು ನಮ್ಮ ಕೊಡಗಿನಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳೇ ಜಾರಿ ಬಂದವು. ಮನೆ, ತೋಟ ಹೋದವು. ಕೆಲವರ ಮನೆಯ ಜನರೇ ಹೋದರು.

ಆ ವರ್ಷ ಗಂಡನನ್ನು ಕಳೆದುಕೊಂಡ ನಮ್ಮೂರ ಸೊಸೆಯೊಬ್ಬಳು ಮಗನನ್ನು ಕಟ್ಟಿಕೊಂಡು ಮೂರು ವರ್ಷ ಒಬ್ಬಳೇ ತೋಟ ನೋಡಿಕೊಂಡಳು. ಆಮೇಲೆ, ಹೆಂಡತಿ ತೀರಿಹೋಗಿದ್ದ ಪಕ್ಕದೂರಿನವರೊಬ್ಬರು ಕೇಳಿಕೊಂಡು ಬಂದರು. ಜನ ಸುಮ್ಮನಿರ್ತಾರೆಯೆ? "ಮದುವೆ ಆದ್ರೆ ತೋಟ ಬಿಟ್ಟುಕೊಡ್ಬೇಕು" ಅಂದರು. ನಾನೂ ಹಾಗೇ ಅಂದವನು. ಇವತ್ತು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ಮಾತು ತಪ್ಪು. 1856ರ ಕಾಯ್ದೆ ವಿಧವೆಯ ಮರುಮದುವೆಗೆ ಒಪ್ಪಿದರೂ ಗಂಡನ ಆಸ್ತಿಯ ಹಕ್ಕನ್ನು ಕಿತ್ತುಕೊಂಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಗಂಡನಿಂದ ಬಂದ ಪಾಲು ಆಕೆಯ ಸ್ವಂತದ್ದು. ಆಮೇಲೆ ಮದುವೆಯಾದರೂ ಹೋಗದು. ಮಗನ ಪಾಲು ಮಗನದೇ. ಇಂಥ ಮದುವೆಗೆ ನಮ್ಮ ಕಡೆ 'ಕೂಡಾವಳಿ' ಎಂಬ ಹೆಸರೇ ಇದೆ. ಹಿರಿಯರೇ ಹೆಸರಿಟ್ಟ ಮೇಲೆ ನಾಚಿಕೆ ಯಾಕೆ?

ಈಗ ಅವರ ಮನೆಯ ಗೋಡೆಯಲ್ಲಿ ಎರಡು ಫೋಟೋಗಳಿವೆ: ಹೋದ ಗಂಡನದು, ಹೋದ ಹೆಂಡತಿಯದು. ಶಾಲೆಯಲ್ಲಿ ಹುಡುಗನಿಗೆ ಹೆತ್ತ ತಂದೆಯ ಹೆಸರೇ. ಇವರನ್ನು "ಅಪ್ಪ" ಅನ್ನಲು ಅವನಿಗೆ ಒಂದು ವರ್ಷ ಬೇಕಾಯಿತು. ಯಾರೂ ಅವಸರ ಮಾಡಲಿಲ್ಲ.

ಸಂಘವೆಂದರೆ ಸಾಲ, ಗೊಬ್ಬರ ಮಾತ್ರವಲ್ಲ. ಸದಸ್ಯರು ತೀರಿಕೊಂಡಾಗ ಷೇರು, ಸಾಲದ ಲೆಕ್ಕವನ್ನು ಅವರ ಮನೆಯವರಿಗೆ ಕೂತು ತಿಳಿಸೋಣ. ನಾಮಿನಿ ಹೆಸರು ಬರೆಸದವರು ಇವತ್ತೇ ಬರೆಸಿ. ಆರಿದ ಒಲೆ ಮತ್ತೆ ಹೊತ್ತಿದ ಮನೆಗೆ ಹೋಗಿ ಆಸ್ತಿ ಲೆಕ್ಕ ಕೇಳೋದು ಬೇಡ. ಒಂದು ಲೋಟ ಕಾಫಿ ಕುಡಿದು, ಒಳ್ಳೇ ಮಾತಾಡಿ ಬರೋಣ.