ಹುಸಿನೊಣ ಕಟ್ಟೋಣ, ಕಟ್ಟಲು ಕಲಿಸೋಣ



ಇವತ್ತು ಒಂದು ಸಣ್ಣ ಕೈಕೆಲಸದ ಬಗ್ಗೆ ಮಾತಾಡೋಣ. ಮೀನು ಹಿಡಿಯುವ ಗಾಳಕ್ಕೆ ಗರಿ, ಉಣ್ಣೆ, ದಾರ ಸುತ್ತಿ ಅದನ್ನು ಹುಳದ ಹಾಗೆ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಫ್ಲೈ’ ಅಂತಾರೆ. ಫ್ಲೈ ಅಂದರೆ ನೊಣ. ನಾವು ಇದನ್ನು ಹುಸಿನೊಣ ಎನ್ನೋಣ.

ಇದು ನಮಗೆ ದೂರದ ವಿಷಯವಲ್ಲ. ನೀಲಗಿರಿಯ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಎಂಬ ಮೀನಿದೆ. ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ತಂದು ಬಿಟ್ಟ ಮೀನು ಅದು. 1907ರಲ್ಲಿ ಊಟಿ ಹತ್ತಿರದ ಅವಲಾಂಚಿಯಲ್ಲಿ ಅದರ ಮರಿ ಮಾಡುವ ಕೇಂದ್ರ ಶುರುವಾಯಿತು. ಟ್ರೌಟ್ ನೀರಿನ ಹುಳಗಳನ್ನು, ನೀರಿಗೆ ಬಿದ್ದ ನೊಣಗಳನ್ನು ತಿನ್ನುತ್ತದೆ. ಅದಕ್ಕೇ ಹುಸಿನೊಣಕ್ಕೂ ಬಾಯಿ ಹಾಕುತ್ತದೆ.

ಈ ಕೆಲಸ ಬಹಳ ಹಳೆಯದು. ಸುಮಾರು 1,800 ವರ್ಷಗಳ ಹಿಂದೆ ಈಲಿಯನ್ ಎಂಬಾತ ಇದರ ಬಗ್ಗೆ ಬರೆದಿಟ್ಟಿದ್ದಾನೆ. ಮ್ಯಾಸಿಡೋನಿಯಾ ದೇಶದವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಸೇರಿಸುತ್ತಿದ್ದರಂತೆ. ಹೊಸಬರಿಗೆ ಇವತ್ತಿಗೂ ಉಣ್ಣೆ, ಗರಿಯೇ ಸಾಕು.

ನಿಮಗೆ ಹೂ ಕಟ್ಟಲು ಬರುತ್ತದೆಯೇ? ಹಾಗಿದ್ದರೆ ಅರ್ಧ ಕೆಲಸ ಬಂದ ಹಾಗೆ. ದಾರ ಎಷ್ಟು ಬಿಗಿ ಇರಬೇಕು ಅಂತ ನಿಮ್ಮ ಬೆರಳಿಗೆ ಗೊತ್ತು.

ಕಟ್ಟುವ ಕ್ರಮ ಹೀಗಿದೆ:

1. ಗಾಳದ ಪೊಟ್ಟಣದ ಮೇಲೆ ನಂಬರು ಓದಿ. ನಂಬರು ಹೆಚ್ಚಾದಷ್ಟು ಗಾಳ ಚಿಕ್ಕದು. 16ಕ್ಕಿಂತ 8 ದೊಡ್ಡದು. ಹೊಸಬರಿಗೆ 8 ಕೊಡಿ. ಇಕ್ಕಳದಿಂದ ಗಾಳದ ಮುಳ್ಳನ್ನು ಒತ್ತಿ ಮಟ್ಟ ಮಾಡಿ. ಆಮೇಲೆ ಗಾಳವನ್ನು ಸಣ್ಣ ವೈಸ್‌ಗೆ ಸಿಕ್ಕಿಸಿ.

2. ಗಾಳದ ಕಣ್ಣಿನ ಹಿಂದೆ ಚೂರು ಜಾಗ ಬಿಟ್ಟು ದಾರ ಸುತ್ತಲು ಶುರು ಮಾಡಿ. ದಾರದ ತುದಿಯ ಮೇಲೇ ಐದಾರು ಸುತ್ತು ಬರಲಿ. ಗಂಟು ಬೇಡ, ದಾರವೇ ದಾರವನ್ನು ಹಿಡಿಯುತ್ತದೆ. ಹಾಗೇ ಬಾಗಿನವರೆಗೆ ಸುತ್ತಿ.

3. ಅಲ್ಲಿ ಉಣ್ಣೆಯ ತುದಿ ಕಟ್ಟಿ. ದಾರವನ್ನು ಮುಂದಕ್ಕೆ ತನ್ನಿ. ಉಣ್ಣೆಯನ್ನೂ ಸುತ್ತುತ್ತಾ ಮುಂದಕ್ಕೆ ತನ್ನಿ. ದಾರದಿಂದ ಬಿಗಿದು, ಉಳಿದದ್ದನ್ನು ಕತ್ತರಿಸಿ.

4. ಹುಂಜದ ಕತ್ತಿನ ಗರಿಯ ಬುಡವನ್ನು ಕಟ್ಟಿ. ಮೂರು ನಾಲ್ಕು ಸುತ್ತು ಸುತ್ತಿ. ತುದಿ ಬಿಗಿದು ಕತ್ತರಿಸಿ.

5. ಕಣ್ಣಿನ ಹಿಂದೆ ಮೂರು ನಾಲ್ಕು ಗಂಟು ಹಾಕಿ. ಮೇಲೆ ಒಂದು ಹನಿ ವಾರ್ನಿಷ್ ಇಡಿ.

ಹೊಸಬರು ಎಲ್ಲಿ ಎಡವುತ್ತಾರೆ? ಕಣ್ಣಿನ ಹತ್ತಿರ. ಉಣ್ಣೆ, ಗರಿ ಎಲ್ಲ ಅಲ್ಲಿಗೇ ತುರುಕುತ್ತಾರೆ. ಕಣ್ಣು ಮುಚ್ಚಿಹೋದರೆ ಗಾಳದ ದಾರ ಪೋಣಿಸುವುದು ಹೇಗೆ? ಪದ ಪದಗಳ ನಡುವೆ ಜಾಗ ಬಿಡದೆ ಬರೆದರೆ ಓದಲಾಗುವುದಿಲ್ಲ, ಅಲ್ಲವೇ? ಇದೂ ಹಾಗೆಯೇ.

ಇನ್ನು ಕಲಿಸುವವರಿಗೆ ನಾಲ್ಕು ಮಾತು.

ಎದುರಿಗೆ ಕೂತು ಕಲಿಸಬೇಡಿ. ಎಡ ಬಲ ಅದಲು ಬದಲಾಗಿ ಕಾಣುತ್ತದೆ. ಪಕ್ಕದಲ್ಲಿ ಕೂರಿ. ದಾರ ಎಷ್ಟು ಜಗ್ಗಿದರೆ ಹರಿಯುತ್ತದೆ ಅಂತ ತಿಳಿಯಲು, ಬೇಕೆಂದೇ ಎರಡು ಸಲ ಹರಿಸಲು ಹೇಳಿ. ಆಮೇಲೆ ಹೆದರಿಕೆ ಹೋಗುತ್ತದೆ. ಆರು ತರಹದ ಹುಸಿನೊಣ ತೋರಿಸಬೇಡಿ. ಒಂದೇ ತರಹದ್ದನ್ನು ಆರು ಸಲ ಕಟ್ಟಿಸಿ. ಎಲ್ಲಕ್ಕಿಂತ ಮುಖ್ಯ, ಅವರ ಕೈಯಿಂದ ಕಿತ್ತುಕೊಂಡು ನೀವೇ ಕಟ್ಟಬೇಡಿ. ನೀವು ಕಟ್ಟಿದರೆ ಅದು ನಿಮ್ಮದು. ಅವರ ಕೈ ಕಲಿಯಲಿಲ್ಲ.

ದೊಡ್ಡವರಾದ ಮೇಲೆ ಕಲಿಯುವವರಿಗೆ ನಾಚಿಕೆ ಹೆಚ್ಚು. ಕೈ ನಡುಗುತ್ತದೆ. ನಗಬೇಡಿ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ 2005ರಲ್ಲಿ ಗಾಯಗೊಂಡ ಸೈನಿಕರಿಗೆ ಇದೇ ಕೆಲಸ ಕಲಿಸಲು ಶುರು ಮಾಡಿದರು. ಪೆಟ್ಟು ತಿಂದ ಕೈಗೂ, ನೊಂದ ಮನಸ್ಸಿಗೂ ಬಲ ಬರಲಿ ಎಂದು. ಅವರು ಕಲಿಯಬಹುದಾದರೆ ನಾವು ಯಾಕೆ ಆಗದು?

ಎಚ್ಚರಿಕೆಯ ಮಾತು: ಕೂರುವಾಗ ಗಾಳ ಎಣಿಸಿ, ಏಳುವಾಗಲೂ ಎಣಿಸಿ. ಒಂದು ಕಡಿಮೆಯಾದರೆ ಹುಡುಕದೆ ಏಳಬೇಡಿ. ಮಗುವಿನ ಕಾಲಿಗೆ ಚುಚ್ಚೀತು. ಕಾಡಿನ ತೊರೆಗೆ ಅನುಮತಿ ಇಲ್ಲದೆ ಹೋಗಬೇಡಿ.

ನಿಮ್ಮ ಮೊದಲ ಹುಸಿನೊಣ ಸೊಟ್ಟಗಿರುತ್ತದೆ. ಇರಲಿ. ಮೀನು ಅಂದ ನೋಡಿ ಮಾರ್ಕು ಕೊಡುವುದಿಲ್ಲ. ಅದನ್ನು ಎಸೆಯದೆ ಆರನೆಯದರ ಪಕ್ಕದಲ್ಲಿ ಇಟ್ಟು ನೋಡಿ. ನೀವು ಎಷ್ಟು ದೂರ ಬಂದಿದ್ದೀರಿ ಅಂತ ನಿಮಗೇ ಕಾಣುತ್ತದೆ.

ಮಾಡಿ ನೋಡಿ: ಪುಸ್ತಕ ಮುಚ್ಚಿ. ಮೇಲಿನ ಐದು ಹಂತಗಳನ್ನು ನಿಮ್ಮ ಮಾತಿನಲ್ಲಿ ಐದು ಸಾಲು ಬರೆಯಿರಿ. ಆ ಹಾಳೆಯನ್ನು ಮುಂದೆ ಕಲಿಯುವವರಿಗೆ ಕೊಡಿ.